ಬಿಷಪ್ ಚೇಸ್ ಕಾಗದಗಳು: ಮೊದಲು ಹೊರಮೈ ಓದಿ

ಫಿಲ್ಯಾಂಡರ್ ಚೇಸ್ ಬರೆದ ಕಾಗದ ಕೈಗೆ ಸಿಕ್ಕರೆ ಹೆಚ್ಚಿನವರು ‘ಡಿಯರ್ ಸರ್’ನಿಂದಲೇ ಓದಲು ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ವಿಳಾಸ ಬರೆದ ಮಗ್ಗುಲನ್ನು ಮೊದಲು ನೋಡಿ. ಯಾವ ಊರಿನ ಮುದ್ರೆ ಬಿದ್ದಿದೆ, ಮೂಲೆಯಲ್ಲಿ ಗೀಚಿದ ಅಂಚೆ ದರ ಎಷ್ಟು, ಪಡೆದವರು ಮಡಿಕೆಯ ಮೇಲೆ ಏನು ಗುರುತು ಹಾಕಿಕೊಂಡಿದ್ದಾರೆ ಎಂಬುದು ತಿಳಿದರೆ, ಆ ಬಿಷಪ್ ಯಾಕೆ ಅಷ್ಟು ಒತ್ತೊತ್ತಾಗಿ, ದುಡ್ಡಿನ ಮಾತೇ ತುಂಬಿಸಿ ಬರೆಯುತ್ತಿದ್ದ ಎಂಬುದು ಅರ್ಧ ಅರ್ಥವಾಗುತ್ತದೆ.

ಆಸಾಮಿ ಯಾರೆಂದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1775ರಲ್ಲಿ, ನ್ಯೂ ಹ್ಯಾಂಪ್‌ಷೈರಿನ ಕಾರ್ನಿಶ್‌ನಲ್ಲಿ. 1817ರಲ್ಲಿ, ಮಂಜುಗಡ್ಡೆ ಕರಗುವ ಮೊದಲೇ, ಈರಿ ಸರೋವರದ ಮೇಲೆ ಜಾರುಬಂಡಿಯಲ್ಲಿ ಒಹಾಯೊಗೆ ಬಂದ ಎಪಿಸ್ಕೋಪಲ್ (ಅಮೆರಿಕದ ಆಂಗ್ಲಿಕನ್ ಸಭೆಯ) ಪಾದ್ರಿ. 1819ರಲ್ಲಿ ಅಲ್ಲಿನ ಮೊದಲ ಬಿಷಪ್. ಕಟ್ಟಿದ್ದು ಒಂದಲ್ಲ, ಎರಡು ಕಾಲೇಜು: ಒಹಾಯೊದಲ್ಲಿ ಕೆನ್ಯನ್, ಇಲಿನಾಯ್‌ನಲ್ಲಿ ಜೂಬಿಲಿ. ಮೊದಲನೆಯದು ಈಗಲೂ ನಡೆಯುತ್ತಿದೆ, ಎರಡನೆಯದು ಆತ ಸತ್ತ ಮೇಲೆ ಬಹಳ ಕಾಲ ಉಳಿಯಲಿಲ್ಲ. ಕೆನ್ಯನ್ ಗ್ರಂಥಾಲಯ ಈ ಪತ್ರಗಳ ಚಿತ್ರಗಳನ್ನು ಜಾಲತಾಣದಲ್ಲೇ ಇಟ್ಟಿದೆ. ಇಲ್ಲಿ ಹೇಳುವುದನ್ನೆಲ್ಲ ಅಲ್ಲಿ ತೆರೆದು ನೋಡಿಕೊಳ್ಳಬಹುದು.

ಈಗ ಆ ದರದ ವಿಷಯ. 1845ರ ತನಕ ಅಮೆರಿಕದಲ್ಲಿ ಅಂಚೆಯ ಲೆಕ್ಕ ತೂಕದ ಮೇಲಲ್ಲ, ಹಾಳೆಯ ಮೇಲೆ. ಒಂದು ಹಾಳೆಗೆ 30 ಮೈಲಿವರೆಗೆ 6 ಸೆಂಟ್, 80 ಮೈಲಿವರೆಗೆ 10, 150ರವರೆಗೆ 12½, 400ರವರೆಗೆ 18¾, ಅದರಾಚೆ 25. ಎರಡು ಹಾಳೆಯಾದರೆ ಎರಡರಷ್ಟು. ಅರೆ, ಮುಕ್ಕಾಲು ಯಾಕೆ ಎಂದರೆ ಆಗ ಪೇಟೆಯಲ್ಲಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ. ಡಾಲರನ್ನು ಹದಿನಾರು ಪಾಲು ಮಾಡಿ ಎಣಿಸಿದರೆ ದೊಡ್ಡ ದರಗಳೆಲ್ಲ ಸರಿಹೋಗುತ್ತವೆ: 12½ ಎಂದರೆ ಎರಡಾಣೆ, 18¾ ಮೂರಾಣೆ, 25 ನಾಲ್ಕಾಣೆ. ಆಣೆ ಲೆಕ್ಕ ಗೊತ್ತಿದ್ದ ನಮ್ಮ ಹಿರಿಯರಿಗೆ ಇದು ಒಂದು ಕ್ಷಣದ ಕೆಲಸ.

ನಾಲ್ಕನೆಯ ದರ ತಾರೀಖು ಹಿಡಿಯುವುದಕ್ಕೂ ಒದಗುತ್ತದೆ. 1816ರ ಕಾನೂನಿನಲ್ಲಿ ಅದು 18½ ಇತ್ತು; 1825ರಲ್ಲಿ 18¾ ಆಯಿತು. ತಾರೀಖು ಹರಿದುಹೋದ ಕಾಗದದ ಮೇಲೆ 18½ ಎಂದಿದ್ದರೆ ಅದು ಕೆನ್ಯನ್ ಕಾಲೇಜು ಈಗಿರುವ ಗ್ಯಾಂಬಿಯರ್ ಊರಿಗೆ ಹೋಗುವ ಮೊದಲಿನದು ಎನ್ನಬಹುದು. ದರದ ಜಾಗದಲ್ಲಿ ‘ಫ್ರೀ’ ಎಂದಿದ್ದರೆ ಕಳಿಸಿದವನೋ ಪಡೆದವನೋ ಸಾಮಾನ್ಯವಾಗಿ ಪೋಸ್ಟ್‌ಮಾಸ್ಟರ್ ಅಥವಾ ಕಾಂಗ್ರೆಸ್ ಸದಸ್ಯ. ಅವರಿಗೆ ಅಂಚೆ ಪುಕ್ಕಟೆ. ‘ಪೇಯ್ಡ್’ ಎಂದು ಇಲ್ಲದಿದ್ದರೆ ದುಡ್ಡು ಕೊಟ್ಟದ್ದು ಪಡೆದವರು. ಅಂದರೆ ಬಹುಪಾಲು ಕಾಗದಗಳು ನಾವು ಹೇಳುವ ಬೇರಿಂಗ್ ಕಾಗದಗಳೇ. ಚಂದಾ ಕೇಳುವ ಪತ್ರಕ್ಕೂ ಚಂದಾ ಕೊಡಬೇಕಾದವನೇ ನಾಲ್ಕಾಣೆ ತೆರಬೇಕು ಎಂದಾಗ, ಒಂದೇ ಹಾಳೆಯಲ್ಲಿ ಎಲ್ಲವನ್ನೂ ತುರುಕುವುದು ಮರ್ಯಾದೆಯ ಪ್ರಶ್ನೆಯೂ ಆಗಿತ್ತು.

25 ಸೆಂಟ್ ಸಣ್ಣ ಮೊತ್ತವಲ್ಲ. 1820ರ ನಂತರ ಸರ್ಕಾರ ಮಾರುತ್ತಿದ್ದ ಜಮೀನಿಗೆ ಎಕರೆಗೆ 1.25 ಡಾಲರ್. ಒಹಾಯೊದಿಂದ ನ್ಯೂಯಾರ್ಕಿಗೆ ಐದು ಕಾಗದ ಹಾಕುವ ಖರ್ಚಿನಲ್ಲಿ ಒಂದು ಎಕರೆ ಕಾಡು ಬರುತ್ತಿತ್ತು.

ಹಾಳೆಯ ಮಡಿಕೆಯನ್ನೂ ತಿಳಿದುಕೊಳ್ಳಬೇಕು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೆಂದು ಲೆಕ್ಕ, ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. ದೊಡ್ಡ ಹಾಳೆಯನ್ನು ಒಮ್ಮೆ ಮಡಚಿದರೆ ನಾಲ್ಕು ಪುಟ. ಮೂರರಲ್ಲಿ ಬರಹ, ನಾಲ್ಕನೆಯದರ ನಡುವೆ ವಿಳಾಸ. ಅಂಚುಗಳನ್ನು ಒಳಕ್ಕೆ ತೂರಿಸಿ ಅರಗಿನಿಂದಲೋ ಒದ್ದೆ ಮಾಡಿದ ಹಿಟ್ಟಿನ ಬಿಲ್ಲೆಯಿಂದಲೋ ಮುಚ್ಚುವುದು. ಒಡೆಯುವಾಗ ಅರಗಿನ ಜೊತೆ ಕಾಗದದ ತುಣುಕೂ ಕಿತ್ತು ಬರುತ್ತದೆ. ಮೂರನೆಯ ಪುಟದ ಅಂಚಿನಲ್ಲಿ ಎರಡು ಮೂರು ಸಾಲುಗಳ ಕೊನೆಯ ಪದಗಳು ಕಾಣೆಯಾಗುವುದು ಈ ಕಾರಣಕ್ಕೆ. ತಕ್ಷಣ ‘ಹರಿದಿದೆ’ ಎಂದು ಬರೆದು ಮುಂದೆ ಹೋಗಬೇಡಿ, ಕಿತ್ತ ತುಣುಕು ಎದುರು ಮಗ್ಗುಲಿನ ಅರಗಿಗೆ ಅಂಟಿಕೊಂಡೇ ಇರಬಹುದು. ವಿಳಾಸದ ಮೇಲೆ ಕೆಳಗೆ ಉಳಿದ ಪಟ್ಟಿಗಳನ್ನೂ ಬಿಡದೆ ನೋಡಿ. ಬರೆದು ಮುಗಿಸಿದ ಮೇಲೆ ನೆನಪಾದ ಮಾತು ಅಲ್ಲಿಗೇ ಹೋಗುತ್ತದೆ. ಜಾಗ ಸಾಲದಾಗ ಹಾಳೆಯನ್ನು ಕಾಲು ತಿರುವು ತಿರುಗಿಸಿ ಬರೆದ ಸಾಲುಗಳ ಮೇಲೇ ಅಡ್ಡ ಬರೆಯುವುದೂ ಆಗಿನ ರೂಢಿ. ಅಂಥದ್ದನ್ನು ಓದಲು ಚಿತ್ರವನ್ನೂ ಹಾಗೇ ತಿರುಗಿಸಿ, ಒಂದು ದಿಕ್ಕಿನದನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು.

ಅಕ್ಷರದ ತೊಡಕು ಅಷ್ಟೇನಿಲ್ಲ. ಎರಡು ‘ಎಸ್’ ಜೊತೆಯಾಗಿ ಬಂದಾಗ ಮೊದಲನೆಯದನ್ನು ಆ ತಲೆಮಾರು ಉದ್ದಕ್ಕೆ ಎಳೆಯುತ್ತಿತ್ತು, ನಮ್ಮ ಕಣ್ಣಿಗೆ ‘ಎಫ್’ ಎಂದು ಕಾಣುತ್ತದೆ. ‘ಇನ್‌ಸ್ಟಂಟ್’ ಎಂದರೆ ಈ ತಿಂಗಳು, ‘ಅಲ್ಟಿಮೊ’ ಎಂದರೆ ಹೋದ ತಿಂಗಳು. ಇವೆರಡನ್ನು ಅದಲುಬದಲು ಮಾಡಿದರೆ ತಾರೀಖೆಲ್ಲ ಒಂದು ತಿಂಗಳು ಜರುಗಿಬಿಡುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಜರ್ಮನ್ ಪತ್ರಗಳಿಗೆ ಕೈಹಾಕಿದವರಿಗೆ ಇದು ಮಕ್ಕಳಾಟ. ಅಲ್ಲಿ ಹಳೆಯ ಕೂರೆಂಟ್ ಲಿಪಿಯನ್ನೇ ಬೇರೆಯಾಗಿ ಕಲಿಯಬೇಕು.

ಎಡವುವುದು ಹೆಸರಿನಲ್ಲಿ. ಕೆನ್ಯನ್ ಎಂದರೆ ಕಾಲೇಜೂ ಹೌದು, ಇಂಗ್ಲೆಂಡಿನ ಲಾರ್ಡ್ ಕೆನ್ಯನ್ನನೂ ಹೌದು. ಗ್ಯಾಂಬಿಯರ್ ಊರೂ ಹೌದು, ನೌಕಾಪಡೆಯ ಲಾರ್ಡ್ ಗ್ಯಾಂಬಿಯರ್ ಕೂಡ. ದಾನಿಗಳ ಹೆಸರನ್ನೇ ಇಟ್ಟದ್ದರಿಂದ ಆದ ಗೋಜಲು ಇದು. ಮನೆಯೊಳಗೂ ಅದೇ ಕತೆ. ಡಡ್ಲಿ ಚೇಸ್ ಎಂದರೆ ವರ್ಮಾಂಟಿನ ಸೆನೆಟರ್ ಆಗಿದ್ದ ಅಣ್ಣನೋ, ಬಿಷಪ್ಪನ ಮಗನೋ? ಫಿಲ್ಯಾಂಡರ್ ಚೇಸ್ ಎಂಬ ಹೆಸರಿನ ಮಗನೂ ಒಬ್ಬನಿದ್ದ, 1824ರಲ್ಲಿ ತೀರಿಕೊಂಡ. ಒಹಾಯೊದ ವರ್ದಿಂಗ್ಟನ್ನಿನಲ್ಲಿ ಚಿಕ್ಕಪ್ಪನಾದ ಬಿಷಪ್ಪನ ಹತ್ತಿರ ಇದ್ದು ಓದಿದ ಸಾಲ್ಮನ್ ಚೇಸ್ ಮುಂದೆ ಲಿಂಕನ್ನನ ಖಜಾನೆ ಮಂತ್ರಿಯಾದ. ಬಿಷಪ್ಪನ ಎರಡನೆಯ ಹೆಂಡತಿ ಸೋಫಿಯಾ ಕಾಲೇಜಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು, ಆಕೆಯ ಕಾಗದಗಳನ್ನು ಬರೀ ‘ಮನೆಯ ಪತ್ರ’ ಎಂದು ಪಕ್ಕಕ್ಕಿಡುವವರು ಬೆಲೆಬಾಳುವ ಮಾಹಿತಿಯನ್ನೇ ಕಳೆದುಕೊಳ್ಳುತ್ತಾರೆ.

‘ಚರ್ಚ್ ಸ್ಥಾಪಿಸಿದೆವು’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಕಟ್ಟಡ ಎದ್ದಿತು ಎಂದು ಅದರ ಅರ್ಥವಲ್ಲ. ಊರಿನ ಹತ್ತಾರು ಜನ ಒಂದು ಕಡೆ ಸೇರಿ, ಇಂಥ ಹೆಸರಿನ ಪ್ಯಾರಿಷ್ (ಊರ ಸಭೆ) ಆಗಿ ಒಗ್ಗೂಡಿದ್ದೇವೆ ಎಂಬ ಒಡಂಬಡಿಕೆಗೆ ಸಹಿ ಹಾಕಿ, ವಾರ್ಡನ್‌ಗಳನ್ನೂ ವೆಸ್ಟ್ರಿ ಎಂಬ ಆಡಳಿತ ಸಮಿತಿಯನ್ನೂ ಆರಿಸಿದರೆ ಚರ್ಚ್ ‘ಆಯಿತು’. 1817ರಲ್ಲಿ ಕೊಲಂಬಸ್‌ನ ಟ್ರಿನಿಟಿ ಆದದ್ದು ಹೀಗೆ. ಅಡಿಗಲ್ಲು ಬೇರೆ ದಿನ, ಪ್ರತಿಷ್ಠೆ ಇನ್ನೂ ಬೇರೆ ದಿನ, ನಡುವೆ ವರ್ಷಗಳೇ ಉರುಳಬಹುದು. ಒಂದೇ ಚರ್ಚಿಗೆ ಮೂರು ಬೇರೆ ಇಸವಿ ಸಿಕ್ಕರೆ ಮೂರೂ ಸರಿಯಿರಬಹುದು.

ಇನ್ನು ದುಡ್ಡು. 1823ರಲ್ಲಿ ಚೇಸ್ ಕಾಲೇಜಿಗೆ ಚಂದಾ ಎತ್ತಲು ಇಂಗ್ಲೆಂಡಿಗೆ ಹೋದಾಗ ಕೈಯಲ್ಲಿದ್ದ ಬೀಗದಕೈ ಒಂದು ಪರಿಚಯಪತ್ರ: ಅಮೆರಿಕದ ರಾಜಕಾರಣಿ ಹೆನ್ರಿ ಕ್ಲೇ, ಲಾರ್ಡ್ ಗ್ಯಾಂಬಿಯರ್‌ಗೆ ಬರೆದದ್ದು. 1814ರಲ್ಲಿ ಅಮೆರಿಕ–ಬ್ರಿಟನ್ ನಡುವೆ ಗೆಂಟ್‌ನಲ್ಲಿ ನಡೆದ ಸಂಧಾನದ ಮೇಜಿನಲ್ಲಿ ಅವರಿಬ್ಬರೂ ಎದುರುಬದುರು ಕೂತಿದ್ದವರು. ನ್ಯೂಯಾರ್ಕಿನ ಬಿಷಪ್ ಹೋಬಾರ್ಟ್ ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿದ್ದು ಈ ಚಂದಾಕ್ಕೆ ಅಡ್ಡಗಾಲು ಹಾಕುತ್ತಿದ್ದ. ಅವನ ಆಕ್ಷೇಪ ಪೂರ್ತಿ ಹೊಟ್ಟೆಕಿಚ್ಚಿನದು ಎಂದು ನನಗನ್ನಿಸುವುದಿಲ್ಲ, ಪಾದ್ರಿಗಳ ತರಬೇತಿಗೆ ನ್ಯೂಯಾರ್ಕಿನಲ್ಲಿ ಒಂದು ಸೆಮಿನರಿ ಆಗಲೇ ಇತ್ತು. ಕೊನೆಗೆ ಕೂಡಿದ್ದು ಸುಮಾರು 30,000 ಡಾಲರ್.

ಪೌಂಡನ್ನು ಡಾಲರಿಗೆ ತಿರುಗಿಸುವಾಗ ಓದುಗರು ಜಾರುವುದು ಖಚಿತ. ಲೆಕ್ಕಪುಸ್ತಕದ ದರ ಪೌಂಡಿಗೆ 4.44 ಡಾಲರ್. ಪೇಟೆಯಲ್ಲಿ ಅದರ ಮೇಲೆ ಪ್ರೀಮಿಯಂ ಹೇಳುತ್ತಿದ್ದರು. ‘9 ಪರ್ಸೆಂಟ್’ ಎಂದರೆ ಬಡ್ಡಿಯಲ್ಲ. ಪೌಂಡಿಗೆ ಸುಮಾರು 4.84 ಎಂದರ್ಥ. ಸಾವಿರ ಪೌಂಡಿಗೆ ನಾನೂರು ಡಾಲರ್ ವ್ಯತ್ಯಾಸ ಬರುತ್ತದೆ. ಹಣ ಬರುತ್ತಿದ್ದದ್ದು ಹುಂಡಿಯ, ಅಂದರೆ ಹಣ ಕೊಡುವಂತೆ ಬರೆದ ಚೀಟಿಯ ರೂಪದಲ್ಲಿ. ಹಡಗು ಮುಳುಗಿದರೆ ಎಂದು ಒಂದೇ ಹುಂಡಿಯನ್ನು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು, ಮುಖ್ಯವಾದ ಕಾಗದಗಳನ್ನೂ ಹಾಗೆಯೇ. ಒಂದೇ ಒಕ್ಕಣೆ ಎರಡು ಸಲ ಸಿಕ್ಕರೆ ಎರಡು ದಾನ ಎಂದು ಎಣಿಸಬೇಡಿ.

ಆ ದುಡ್ಡಿನಲ್ಲಿ ಕೊಂಡದ್ದು ಒಹಾಯೊದ ನಾಕ್ಸ್ ಕೌಂಟಿಯಲ್ಲಿ 8,000 ಎಕರೆ. ಒಡೆಯ ಪೆನ್ಸಿಲ್ವೇನಿಯಾದ ವಿಲಿಯಂ ಹಾಗ್, ಬೆಲೆ 18,000 ಡಾಲರ್. ಎಕರೆಗೆ 2.25 ಬಿತ್ತು, ಸರ್ಕಾರಿ ದರಕ್ಕಿಂತ ಒಂದು ಡಾಲರ್ ಹೆಚ್ಚು. 8,000 ಎಂಬ ದುಂಡು ಸಂಖ್ಯೆ ಅಂದಾಜಿನದಲ್ಲ. ಆ ಭಾಗದಲ್ಲಿ ಸೈನಿಕರಿಗೆಂದು ಮೀಸಲಿಟ್ಟಿದ್ದ ಜಮೀನನ್ನು ಐದು ಮೈಲಿ ಚೌಕದ ಟೌನ್‌ಶಿಪ್ಪುಗಳಾಗಿ ಅಳೆದು ಕಾಲುಭಾಗ ಮಾಡಿದ್ದರು. ಒಂದು ಕಾಲುಭಾಗ ಎಂದರೆ 4,000 ಎಕರೆ, ಇವು ಅಂಥ ಎರಡು ಭಾಗ. 1827ರ ಜೂನ್ 9ರಂದು ಅಲ್ಲಿ ಅಡಿಗಲ್ಲು ಬಿತ್ತು. ಮೂವತ್ತು ಸಾವಿರದಲ್ಲಿ ಹದಿನೆಂಟು ಸಾವಿರ ನೆಲಕ್ಕೇ ಹೋಯಿತೆಂದರೆ ಕಟ್ಟಡಕ್ಕೆ ಉಳಿದದ್ದೆಷ್ಟು? ಮುಂದಿನ ಕಾಗದಗಳಲ್ಲಿ ಬರೀ ಹಣದ ಹುಡುಕಾಟ ಇರುವುದು ಆಶ್ಚರ್ಯವಲ್ಲ. ಬಿಷಪ್ಪೇ ಕಾಲೇಜಿನ ಯಜಮಾನನೂ ಆಗಿರಬೇಕೆ ಎಂದು ಅಧ್ಯಾಪಕರು ತಿರುಗಿಬಿದ್ದಾಗ 1831ರ ಸೆಪ್ಟೆಂಬರಿನಲ್ಲಿ ಎರಡೂ ಹುದ್ದೆ ಬಿಟ್ಟು ಹೊರಟ.

ಇಲಿನಾಯ್‌ನ ಕಾಗದಗಳು ‘ರಾಬಿನ್ಸ್ ನೆಸ್ಟ್’ನಿಂದ ಬರುತ್ತವೆ. ಪಿಯೋರಿಯಾ ಹತ್ತಿರದ ಅವನ ಮನೆಗೆ ಅವನೇ ಇಟ್ಟ ಹೆಸರು: ಕಡ್ಡಿ ಮಣ್ಣಿನಲ್ಲಿ ಕಟ್ಟಿದ್ದು, ಒಳಗೆ ಮರಿಗಳು ತುಂಬಿದ್ದು. ಜೂಬಿಲಿಯ ಅಡಿಗಲ್ಲು 1839ರ ಏಪ್ರಿಲ್ 3. ಇಲ್ಲಿ ಒಂದು ಹೊಸ ತಾಪತ್ರಯ ಎದುರಾಗುತ್ತದೆ. 1845ರಲ್ಲಿ ದರ ತೂಕಕ್ಕೆ ಬದಲಾಯಿತು, ಅರ್ಧ ಔನ್ಸಿಗೆ 300 ಮೈಲಿವರೆಗೆ 5 ಸೆಂಟ್, ಅದರಾಚೆ 10. ಲಕೋಟೆ ಹಾಕಿದರೂ ನಷ್ಟವಿಲ್ಲದಂತಾಯಿತು. ಕಾಗದ ಉಳಿಸಿಕೊಂಡವರು ಲಕೋಟೆ ಎಸೆದರು, ಅದರ ಜೊತೆ ಮುದ್ರೆ, ದರ ಎರಡೂ ಹೋದವು. ಅಂಥ ಬಿಡಿ ಹಾಳೆಗೆ ತಾರೀಖಿಲ್ಲದಿದ್ದರೆ ಒಳಗಿನ ಮಾತನ್ನೇ ಹಿಡಿಯಬೇಕು. ಇಡೀ ಅಮೆರಿಕದ ಎಪಿಸ್ಕೋಪಲ್ ಸಭೆಯ ಹಿರಿಯ ಬಿಷಪ್ ಎಂಬ ನೆಲೆಯಲ್ಲಿ ಬರೆದಿದ್ದರೆ 1843ರ ನಂತರದ್ದು. ಜೂಬಿಲಿಗೆ ಸನ್ನದು ಸಿಕ್ಕಿದ್ದು 1847ರಲ್ಲಿ, ಅದನ್ನು ಇನ್ನೂ ಕಾಯುತ್ತಿದ್ದರೆ ಅದಕ್ಕೂ ಮೊದಲಿನದು. ಕೊನೆಯ ಗಡಿ 1852ರ ಸೆಪ್ಟೆಂಬರ್ 20: ಗಾಡಿಯಿಂದ ಬಿದ್ದ ಪೆಟ್ಟಿನಿಂದ ಅವನು ತೀರಿಕೊಂಡ ದಿನ.