ದೇವರಾಯನದುರ್ಗಕ್ಕೆ ಬೇಸಿಗೆಯಲ್ಲಿ ಹೋಗುವವರಿಗೆ

ದೇವರಾಯನದುರ್ಗವನ್ನು ಮಳೆಗಾಲದಲ್ಲಿ ನೋಡಬೇಕು ಎನ್ನುವವರೇ ಹೆಚ್ಚು. ನನ್ನ ಮಾತು ಕೇಳುವುದಾದರೆ ಫೆಬ್ರವರಿಯಲ್ಲಿ ಹೋಗಿ. ಬಾದೆ ಹುಲ್ಲು ಒಣಗಿ, ಎಲೆ ಉದುರಿ, ಬೆಟ್ಟದ ಮೈಕಟ್ಟು ಕಾಣುವುದು ಆಗಲೇ. ಇಲ್ಲಿ ಕಾಡ್ಗಿಚ್ಚಿನ ಕಾವಲು ಏಕೆ ಬೇಕು ಎನ್ನುವುದು ಅರ್ಥವಾಗುವುದೂ ಆಗಲೇ.

ತುಮಕೂರಿನಿಂದ ಸುಮಾರು 15 ಕಿ.ಮೀ. ನಾಮದ ಚಿಲುಮೆಯ ದಾರಿ ಹಿಡಿಯಿರಿ, ಕಾಡಿನ ನೆರಳು ಸಿಗುತ್ತದೆ. ಸ್ವಂತ ವಾಹನವಿದ್ದರೆ ಅನುಕೂಲ. ಕೆಳಗೆ ಭೋಗಾನರಸಿಂಹನ ದರ್ಶನ ಮುಗಿಸಿ, ಮೇಲಿನ ಯೋಗಾನರಸಿಂಹನ ಗುಡಿಗೆ ಮೆಟ್ಟಿಲು ಹತ್ತಿ. ಬಿಸಿಲೇರುವ ಮೊದಲೇ ಹತ್ತಬೇಕು. ತಿಂಡಿಯ ಚೀಲ ಕೈಯಲ್ಲಿದ್ದರೆ ಕೋತಿಗಳು ಬಿಡುವುದಿಲ್ಲ.

ಜಡಕನೆಂಬ ಪಾಳೆಯಗಾರನ ಕೈಯಲ್ಲಿದ್ದ ಈ ದುರ್ಗ ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ವಶವಾಯಿತು. ಅಂದಿನ ಕಾವಲುಗಾರರು ಶತ್ರುವಿನ ದಂಡಿಗಾಗಿ ಬಯಲನ್ನು ನೋಡುತ್ತಿದ್ದರು. ಈಗ ಇಲ್ಲಿಂದ ನೋಡಬೇಕಾದದ್ದು ಹೊಗೆ.

ಬೆಂಕಿ ಕಾಯಲೆಂದೇ ಬೆಟ್ಟದ ನೆತ್ತಿಯಲ್ಲಿ ಆಳನ್ನು ಕೂರಿಸುವ ಕ್ರಮ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದದ್ದು 1910ರ ಕಾಡ್ಗಿಚ್ಚಿನ ನಂತರ. ಆ ಆಗಸ್ಟ್‌ನಲ್ಲಿ ಇಡಾಹೊ, ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಸುಟ್ಟುಹೋಗಿತ್ತು. ಒಂದು ಶಿಖರದವನು ಹೊಗೆಯ ದಿಕ್ಕನ್ನು ಅಳೆದು ಹೇಳುತ್ತಿದ್ದ, ಇನ್ನೊಂದು ಶಿಖರದವನು ತನ್ನದನ್ನು. ನಕಾಶೆಯ ಮೇಲೆ ಎರಡು ಗೆರೆ ಕೂಡಿದಲ್ಲಿ ಬೆಂಕಿ. ನಮ್ಮಲ್ಲಿ ಈಗ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಸುಳಿವನ್ನು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಕಳಿಸುತ್ತದೆ. ಆದರೆ ಉಪಗ್ರಹ ದಿನವಿಡೀ ನಮ್ಮ ಬೆಟ್ಟದ ಮೇಲೆಯೇ ನಿಂತಿರುವುದಿಲ್ಲ, ಸಣ್ಣ ಕಿಡಿ ಅದರ ಕಣ್ಣಿಗೆ ಬೀಳುವುದೂ ಇಲ್ಲ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ (ಉರಿ ದಾಟದಂತೆ ಹುಲ್ಲು, ತರಗು ತೆಗೆದ ಪಟ್ಟಿ) ಸವರುವವರು, ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಯನ್ನು ಬಡಿಯುವವರು ಇಂದಿಗೂ ಮನುಷ್ಯರೇ. ಅವರ ಶ್ರಮದ ಬಗ್ಗೆ ನನಗೆ ಬಹಳ ಗೌರವವಿದೆ.

ಆದ್ದರಿಂದ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಊಟ ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವೂ ಹೌದು. ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬಲು ವೇಗವಾಗಿ ಏರುತ್ತದೆ, ಹತ್ತಿರ ಹೋಗಬೇಡಿ. ಹೊಗೆ ಕಂಡರೆ 112ಕ್ಕೆ ಕರೆ ಮಾಡಿ. ನೀವು ನಿಂತ ಜಾಗ, ಹೊಗೆ ಇರುವ ದಿಕ್ಕು, ಅದರ ಹತ್ತಿರದ ಊರು ಅಥವಾ ರಸ್ತೆ, ಗಾಳಿ ಬೀಸುತ್ತಿರುವ ಕಡೆ, ಇಷ್ಟನ್ನು ಹೇಳಿದರೆ ಹೋಗುವವರಿಗೆ ದಾರಿ ಹುಡುಕುವ ಹೊತ್ತು ಉಳಿಯುತ್ತದೆ.