ಎರಡನೇ ಆರ್ಕ್ ರಾಯಲ್‌ನ ಹಾಯಿ ಕೊನೆಗೂ ಸರಿ ಹೋಯಿತು

ಹನ್ನೊಂದನೇ ಸಲ ಮಾಡಿದ ಹಾಯಿ ನನ್ನ ಪುಟ್ಟ ಮಾದರಿ ಹಡಗಿನ ಮೇಲೆ ನಿಂತಿದೆ! ನಿನ್ನೆ ರಾತ್ರಿ ಅದನ್ನು ಕಂಬಕ್ಕೆ ಅಂಟಿಸಿದ ಮೇಲೆಯೇ ನಾನು ಫ್ಯಾನ್ ಹಾಕಿದ್ದು. ಅಲ್ಲಿಯವರೆಗೆ ಜೋರಾಗಿ ಉಸಿರಾಡಲೂ ಹೆದರಿಕೆ.

ಹಿಂದಿನ ಕಂತು ಓದಿದವರಿಗೆ ಗೊತ್ತು: ಆರ್ಕ್ ರಾಯಲ್ ಹೆಸರಿನ ಐದೂ ಬ್ರಿಟಿಷ್ ಯುದ್ಧನೌಕೆಗಳನ್ನು 1:700ರಲ್ಲಿ, ಅಂದರೆ ಏಳುನೂರು ಪಟ್ಟು ಚಿಕ್ಕ ಮಾದರಿಗಳಾಗಿ, ಒಂದೇ ಶೆಲ್ಫ್ ಮೇಲೆ ನಿಲ್ಲಿಸುವ ಕೆಲಸ ಇದು. 1937, 1950 ಮತ್ತು 1981ರಲ್ಲಿ ನೀರಿಗಿಳಿದ ಮೂರು ದೊಡ್ಡ ವಿಮಾನವಾಹಕಗಳು ಮುಗಿದಿವೆ. 1587ರ ಮೊದಲನೆಯದೂ ಮುಗಿಯಿತು. ಎಲಿಜಬೆತ್ ರಾಣಿಯ ಆಸ್ಥಾನದ ವಾಲ್ಟರ್ ರಾಲಿಗಾಗಿ ಲಂಡನ್ ಹತ್ತಿರದ ಡೆಟ್‌ಫರ್ಡ್‌ನಲ್ಲಿ ಕಟ್ಟಿ, ಆಮೇಲೆ ರಾಣಿಯ ಪಾಲಾಗಿ, 1588ರಲ್ಲಿ ದಂಡೆತ್ತಿ ಬಂದ ಸ್ಪೇನಿನ ನೌಕಾಪಡೆ ಆರ್ಮಡಾ ಎದುರು ಇಂಗ್ಲಿಷ್ ಪಡೆಯ ಮುಖ್ಯಸ್ಥ ಹೋವರ್ಡ್ ನಿಂತಿದ್ದು ಇದೇ ಹಡಗಿನ ಮೇಲೆ. ಕೀಲ್, ಅಂದರೆ ತಳದ ಬೆನ್ನೆಲುಬು, ಸುಮಾರು 100 ಅಡಿ. ನಮ್ಮ ಅಳತೆಗೆ ಇಳಿಸಿದರೆ 44 ಮಿಲಿಮೀಟರ್. ಅದರ ಹಾಯಿಗಳು ಸಿಗರೇಟ್ ಪೇಪರ್‌ನಲ್ಲಿ ಒಂದೇ ಸಂಜೆಗೆ ಆಗಿಹೋದವು.

ನನ್ನನ್ನು ಆರು ವಾರ ಸತಾಯಿಸಿದ್ದು ಎರಡನೆಯದು.

1914ರಲ್ಲಿ ಇಂಗ್ಲೆಂಡಿನ ಬ್ಲೈತ್‌ನಲ್ಲಿ ಸರಕು ಹಡಗೊಂದು ಅರ್ಧಕ್ಕೆ ನಿಂತಿತ್ತು. ನೌಕಾಪಡೆ ಅದನ್ನು ಕೊಂಡು ಸೀಪ್ಲೇನ್, ಅಂದರೆ ನೀರಿನಿಂದಲೇ ಹಾರುವ ವಿಮಾನ, ಹೊರುವ ಹಡಗು ಮಾಡಿತು. ಇಂಜಿನ್, ಚಿಮಣಿ ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಹೊಟ್ಟೆಯೊಳಗೆ ವಿಮಾನಗಳ ಗೂಡು ಕಟ್ಟಿದರು. ವೇಗ ಬರೀ 11 ನಾಟ್, ಗಂಟೆಗೆ ಸುಮಾರು 20 ಕಿಲೋಮೀಟರ್. ಕ್ರೇನ್‌ನಿಂದ ವಿಮಾನವನ್ನು ನೀರಿಗಿಳಿಸಿ ಅಲ್ಲಿಂದ ಹಾರಿಸುತ್ತಿದ್ದರು. 1915ರಲ್ಲಿ ಟರ್ಕಿಯ ಗಲಿಪೊಲಿ ಯುದ್ಧದ ಕಡೆ ಅಲೆ ಜಾಸ್ತಿಯಾದ ದಿನ ಹಾರಾಟವೇ ಇಲ್ಲ. ಈ ಹಡಗಿನ ಹಿಂದಿನ ಕಂಬಕ್ಕೆ ಒಂದು ಹಾಯಿ ಇತ್ತು. ಹೌದು, ವಿಮಾನ ಹೊರುವ ಹಡಗಿಗೆ ಹಾಯಿ! ಇದು ತಿಳಿದ ದಿನವೇ ಈ ಹಡಗು ನನ್ನ ಮನಸ್ಸಿಗೆ ಅಂಟಿಕೊಂಡಿತು.

ಇದಕ್ಕೆ ನನ್ನ ಕೈಗೆ ಕಿಟ್ ಸಿಗಲಿಲ್ಲ. 160 ಮಿಲಿಮೀಟರ್ ಒಡಲನ್ನು ಶೀಟಿನಿಂದಲೇ ಕತ್ತರಿಸಿ ಕಟ್ಟಿದೆ. ಅದೇನೂ ಕಷ್ಟವಾಗಲಿಲ್ಲ. ಹಾಯಿಗೆ ಮೊದಲು ಸಿಗರೇಟ್ ಪೇಪರ್ ತಗೊಂಡೆ. ಮಳೆಗಾಲದ ತೇವಕ್ಕೆ ಎರಡೇ ದಿನದಲ್ಲಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಉದುರಿತು. ಕೊನೆಗೆ ಒಗ್ಗರಣೆ ಸೌಟಿನ ಬೆನ್ನಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟಿಶ್ಯೂ ಹಾಸಿ, ನೀರು ಬೆರೆಸಿದ ಫೆವಿಕಾಲ್ ಸವರಿದೆ. ಒಣಗಿದ ಮೇಲೆ ಎತ್ತಿದರೆ ಗಾಳಿ ತುಂಬಿದ ಹಾಯಿಯ ಹಾಗೇ ಉಬ್ಬಿತ್ತು. ಎಷ್ಟು ಚಂದ ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಹಡಗಿಗೆ ಹಾಕಿ ನೋಡಿದರೆ ಏನೋ ತಪ್ಪು. ಚಿಕ್ಕದು ಮಾಡಿದೆ, ಓರೆ ಮಾಡಿದೆ, ಬಣ್ಣ ಬದಲಿಸಿದೆ. ಆಗಲೂ ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ತಾರಸಿಯಲ್ಲಿ. ಹಗ್ಗದಲ್ಲಿ ಪಂಚೆ ಒಣಗುತ್ತಿತ್ತು. ಒಂದು ತುದಿಯ ಕ್ಲಿಪ್ ಕಳಚಿತ್ತು. ಗಾಳಿ ಬಂದಾಗ ಅದು ಉಬ್ಬಲಿಲ್ಲ, ಗಾಳಿಯ ದಿಕ್ಕಿಗೇ ಚಪ್ಪಟೆಯಾಗಿ ಚಾಚಿಕೊಂಡಿತು. ಈ ಹಡಗಿನ ಹಾಯಿಯ ಕೆಲಸವೂ ಅದೇ ಅಲ್ವಾ! ಅದು ಹಡಗನ್ನು ಎಳೆಯುವ ಹಾಯಿ ಅಲ್ಲ. ಗಾಳಿಕೋಳಿಯ ಬಾಲದ ಹಾಗೆ ಹಿಂಭಾಗವನ್ನು ಗಾಳಿ ಸಾಗುವ ದಿಕ್ಕಿಗೆ ಹಿಡಿದು, ಮೂತಿ ಗಾಳಿಗೆ ಎದುರಾಗಿರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಹಾಗಾದರೆ ಅದು ಹಡಗಿನ ಉದ್ದಕ್ಕೂ ಬಿಗಿಯಾಗಿ, ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಇರಬೇಕು. ನಾನು 1587ರ ಹಾಯಿಯನ್ನು 1915ರ ಹಡಗಿಗೆ ತೊಡಿಸುತ್ತಿದ್ದೆ. ಅದೇ ಟಿಶ್ಯೂವನ್ನು ಗಾಜಿನ ಮೇಲೆ ಒಣಗಿಸಿ, ಪೆನ್ನಿನ ಮೇಲೆ ಒಂದು ಸಲ ಮೆಲ್ಲಗೆ ಉರುಳಿಸಿದೆ. ಅಷ್ಟೇ. ಸರಿ ಹೋಯಿತು.

ಕ್ರೇನ್ ಮಾತ್ರ ಇನ್ನೂ ಬಾಕಿ. 0.2 ಮಿಲಿಮೀಟರ್ ಹಿತ್ತಾಳೆ ತಂತಿ ಕೇಳಿದರೆ 0.8ರದ್ದು ಬಂತು, ಅದೂ ಎರಡನೇ ಸಲ! ಅಂಗಡಿಯವರೇ, ದಯವಿಟ್ಟು ಪ್ಯಾಕ್ ಮಾಡುವ ಮೊದಲು ಒಮ್ಮೆ ಅಳೆದು ನೋಡಿ. ಈ ಅಳತೆಯಲ್ಲಿ ಅದು ತಂತಿಯಲ್ಲ, ತೆಂಗಿನ ಮರ.

ಇದರ ಪೀಠಕ್ಕೆ ಎರಡು ಹೆಸರು ಬರೆಯುತ್ತೇನೆ. 1934ರಲ್ಲಿ ಹೊಸ ವಿಮಾನವಾಹಕಕ್ಕೆ ಹೆಸರು ಬೇಕು ಅಂತ ಈ ಹಳೆಯ ಹಡಗಿನಿಂದ ಅದರ ಹೆಸರು ಕಿತ್ತುಕೊಂಡು, ಇದನ್ನು ಪೆಗಾಸಸ್ ಎಂದು ಕರೆದರು. ಹೆಸರು ಪಡೆದ ಆ ಹೊಸ ಹಡಗಿನ ಸ್ವೋರ್ಡ್‌ಫಿಶ್ ವಿಮಾನಗಳೇ 1941ರ ಮೇ 26ರಂದು ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನ ಚುಕ್ಕಾಣಿ ಕೆಡಿಸಿದ್ದು. ಅದೇ ವರ್ಷ ನವೆಂಬರ್ 13ರಂದು ಜರ್ಮನ್ ಜಲಾಂತರ್ಗಾಮಿ ಯು-81ರ ಟಾರ್ಪಿಡೊ ಬಡಿದು, ಮಾರನೇ ದಿನ ಅದು ಜಿಬ್ರಾಲ್ಟರ್ ಹತ್ತಿರ ಮುಳುಗಿತು. ಹೆಸರು ಬಿಟ್ಟುಕೊಟ್ಟ ಪೆಗಾಸಸ್ ಆಗಲೂ ತೇಲುತ್ತಿತ್ತು, ಯುದ್ಧ ಮುಗಿಯುವವರೆಗೂ ಉಳಿಯಿತು. ಶೆಲ್ಫ್‌ನಲ್ಲಿ ಈ ಎರಡನ್ನೂ ಒಂದರ ಪಕ್ಕ ಒಂದು ಇಟ್ಟಿದ್ದೇನೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ: ಎರಡು ಮೈಸೂರುಗಳು! ಬ್ರಿಟನ್ನಿನ ಕ್ರೂಸರ್ ನೈಜೀರಿಯಾ 1957ರಲ್ಲಿ ಐಎನ್‌ಎಸ್ ಮೈಸೂರು ಆಯಿತು. ಅದನ್ನು ದುರಸ್ತಿ ಮಾಡಿದ್ದು ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್‌ನಲ್ಲಿ. ಮೂರನೇ, ನಾಲ್ಕನೇ ಆರ್ಕ್ ರಾಯಲ್ ಹುಟ್ಟಿದ್ದೂ ಅಲ್ಲೇ. 1999ರಲ್ಲಿ ಸೇವೆಗೆ ಬಂದ ಡೆಸ್ಟ್ರಾಯರ್ ಎರಡನೇ ಮೈಸೂರು. ಕ್ರೂಸರಿನ ನಾಲ್ಕು ತೋಪಿನ ಗೋಪುರಗಳಲ್ಲಿ ಒಂದನ್ನು ತೆಗೆದು, ಒಂಬತ್ತು ತೋಪು ಉಳಿಸಬೇಕು. ಪೀಠದ ಮೇಲೆ ಗಂಡಭೇರುಂಡ ಬರೆಯಬೇಕು. ಸೊನ್ನೆ ನಂಬರ್ ಬ್ರಷ್ ಅದಕ್ಕೆ ದಪ್ಪವಾಗುತ್ತದೆ, ಮೂರು ಸೊನ್ನೆಯದು ಯಾರ ಹತ್ತಿರ ಒಳ್ಳೆಯದು ಸಿಗುತ್ತದೆ, ಹೇಳಿ.