ಹಾಸಿಗೆ ಹಿಡಿದವರ ಆರೈಕೆ: ತಾಸಿನ ಲೆಕ್ಕ ಬರೆದಿಡಿ

ಗ್ಯಾರಂಟಿ ಯೋಜನೆಗಳು ಬಂದಾಗಿನಿಂದ ಹುಬ್ಬಳ್ಳಿಯ ಚಹಾದಂಗಡಿಯಲ್ಲೂ ಹಾವೇರಿಯ ಬಸ್ ಸ್ಟ್ಯಾಂಡಿನಲ್ಲೂ 'ಬಿಟ್ಟಿ' ಎಂಬ ಒಂದು ಶಬ್ದ ಎಲ್ಲದಕ್ಕೂ ಸಾಕಾಗಿಬಿಟ್ಟಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಿಟ್ಟಿ, ಬಸ್ಸು ಬಿಟ್ಟಿ, ಅದರ ಜೊತೆಗೇ ವಿಕಲಚೇತನರ ಪಿಂಚಣಿಯೂ ಬಿಟ್ಟಿ. ಗ್ಯಾರಂಟಿ ಬೇಕೋ ಬೇಡವೋ ಎಂಬುದು ಬೇರೆ ವಾದ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ತಾನಾಗಿ ಮಗ್ಗುಲು ಬದಲಿಸಲಾರದ ಮನುಷ್ಯನನ್ನು ಹೊರಳಿಸುವ, ಉಣಿಸುವ, ತೊಳೆಯುವ ಕೆಲಸಕ್ಕೆ ಸರ್ಕಾರ ಏನು ಕೊಡಬೇಕು ಎಂಬ ಪ್ರಶ್ನೆಯನ್ನೂ ಅದೇ ಚೀಲಕ್ಕೆ ತುಂಬಿದ್ದು ತಪ್ಪು. ಅದು ದುಡಿಮೆಯ ಪ್ರಶ್ನೆ. ದುಡಿಮೆ ಅಂದಮೇಲೆ ತಾಸಿನ ಲೆಕ್ಕ ಬೇಕು. ಆ ಲೆಕ್ಕವನ್ನು ನಮ್ಮ ಕಡೆ ಯಾವ ಮನೆಯಲ್ಲೂ ಬರೆದಿಡುವುದಿಲ್ಲ.

ಲಕ್ವಾ ಹೊಡೆದು ಪೂರ್ತಿ ಹಾಸಿಗೆ ಹಿಡಿದವರ ಒಂದು ದಿನ ಹಿಡಿಯಿರಿ. ಬೆನ್ನ ಹುಣ್ಣು ಆಗಬಾರದೆಂದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸೇರಿ. ದಿನಕ್ಕೆ 12 ಸಲ. ಎಳೆಯದೆ ಅಡ್ಡಹಾಸಿನ ಬಟ್ಟೆಯಿಂದ ಎತ್ತಿ ಸರಿಸಿ, ಬೆನ್ನಿಗೆ, ಮೊಣಕಾಲುಗಳ ನಡುವೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡಲು ಒಂದು ಸಲಕ್ಕೆ 10 ನಿಮಿಷ ಹಿಡಿದರೂ 2 ತಾಸು. ನುಂಗಲು ತ್ರಾಸ ಇರುವವರಿಗೆ ಕೂಡಿಸಿ, ಗದ್ದ ತುಸು ಕೆಳಗೆ ಮಾಡಿಸಿ, ಚಮಚದಿಂದ ಉಣಿಸಲು ಒಂದು ಊಟಕ್ಕೆ 40 ನಿಮಿಷ. ಮೂರು ಊಟಕ್ಕೆ ಮತ್ತೆ 2 ತಾಸು. ಮೈ ಒರೆಸಿ ಬಟ್ಟೆ ಬದಲಿಸಲು 1 ತಾಸು. ಡೈಪರ್ 5 ಸಲ, ಸಲಕ್ಕೆ 15 ನಿಮಿಷದಂತೆ 1 ತಾಸು 15 ನಿಮಿಷ. ಕೂಡಿಸಿದರೆ 6 ತಾಸು 15 ನಿಮಿಷ. ಇದರಲ್ಲಿ ಗುಳಿಗೆ ಕೊಡುವುದು, ಕೈಕಾಲಿನ ವ್ಯಾಯಾಮ, ಹೊಲಸಾದ ಹಾಸಿಗೆ ಒಗೆಯುವುದು ಯಾವುದೂ ಸೇರಿಲ್ಲ.

ಒಗೆಯುವ ಮಾತು ಬಂತು ಅಂದರೆ ನೀರಿನ ಮಾತು ಬಂದೇ ಬರುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಬರುತ್ತದೆ. ಉಳಿದ ಕಡೆ ದಿನಗಟ್ಟಲೆ ಕಾಯಬೇಕು. ಹಾಸಿಗೆ ಹಿಡಿದವರಿರುವ ಮನೆಗೆ ದಿನಾ ಎರಡು ಮೂರು ಕೊಡ ಹೆಚ್ಚಿಗೆ ಬೇಕು, ಅಷ್ಟನ್ನು ತುಂಬಿಡಲು ಡ್ರಮ್ಮು ಬೇಕು, ಡ್ರಮ್ಮಿಗೆ ಜಾಗ ಬೇಕು. ನೀರು ಸಾಲದ ಮನೆಯಲ್ಲಿ ಡೈಪರ್ ಬದಲಿಸುವುದು ತಡವಾಗುತ್ತದೆ, ತಡವಾದಲ್ಲಿ ಚರ್ಮ ನೆನೆದು ಬಿಳಿಚಿಕೊಂಡು ಕೀಳುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ರಬ್ಬರ್ ಹಾಸಿನ ಮೇಲೆ ಮಲಗಿದವರಿಗೆ ಬೆವರೇ ಸಾಕು. ಸೊಂಟದ ಹಿಂಭಾಗ, ಹಿಮ್ಮಡಿ, ಕುಂಡಿಯ ಎಲುಬಿನ ಮೇಲೆ ಕೆಂಪು ಕಂಡರೆ ಎಣ್ಣೆ ಹಚ್ಚಿ ತಿಕ್ಕುವ ರೂಢಿ ಇದೆ. ತಿಕ್ಕಬೇಡಿ. ಒತ್ತಡದಿಂದ ಒಳಗೆ ಆಗಲೇ ನೊಂದಿರುವ ಮಾಂಸ ತಿಕ್ಕಿದರೆ ಇನ್ನಷ್ಟು ಹರಿಯುತ್ತದೆ. ಆ ಮಗ್ಗುಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೊಂದೇ ಉಪಾಯ.

ಈ ಆರು ತಾಸಿನ ಕೆಲಸ ಯಾರ ತಲೆಗೆ ಬರುತ್ತದೆ ಎಂದು ಕೇಳಬೇಕಾಗಿಲ್ಲ. ಸೊಸೆ, ಹೆಂಡತಿ, ಮದುವೆಯಾಗದ ಮಗಳು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಮನೆಯವರ ಆರೈಕೆಯಲ್ಲಿ ತೊಡಗಿದ 15ರಿಂದ 59 ವಯಸ್ಸಿನ ಹೆಂಗಸರು ದಿನಕ್ಕೆ 140 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 74 ನಿಮಿಷ. ಅದು ಮಕ್ಕಳನ್ನು ನೋಡಿಕೊಳ್ಳುವುದನ್ನೂ ಸೇರಿಸಿದ ಲೆಕ್ಕ. ಹಾಸಿಗೆ ಹಿಡಿದವರ ಮನೆಯಲ್ಲಿ ಆ ಅಂಕಿ ಎಲ್ಲಿಗೆ ಹೋಗುತ್ತದೆ ಎಂಬುದು ಮೇಲಿನ ಲೆಕ್ಕದಲ್ಲೇ ಇದೆ.

ಈಗ ಕಾನೂನು ಏನು ಹೇಳುತ್ತದೆ ನೋಡಿ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 2ನೇ ಕಲಮಿನಲ್ಲಿ ಆರೈಕೆದಾರರು ಎಂದರೆ ಯಾರು ಎಂಬ ವ್ಯಾಖ್ಯೆ ಇದೆ: ತಂದೆ ತಾಯಿ, ಮನೆಯವರು ಯಾರೇ ಆಗಲಿ, ಸಂಬಳ ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ. ಅಂದರೆ ಸೊಸೆ ಮಾಡುವ ಚಾಕರಿಯೂ ಕಾನೂನಿನ ಕಣ್ಣಲ್ಲಿ ಆರೈಕೆಯೇ. 24ನೇ ಕಲಮು ಸಾಮಾಜಿಕ ಭದ್ರತೆಯದ್ದು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂದು ಅಲ್ಲಿ ಬರೆದೇ ಇದೆ. ಅದೇ ಕಲಮಿನಲ್ಲಿ ಇನ್ನೊಂದು ಸಾಲು ಇದೆ, ಯಾರೂ ಓದಿ ಹೇಳುವುದಿಲ್ಲ: ವಿಕಲಚೇತನರಿಗೆ ಕೊಡುವ ನೆರವು, ಉಳಿದವರಿಗೆ ಅಂಥದೇ ಯೋಜನೆಯಲ್ಲಿ ಕೊಡುವುದಕ್ಕಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ನಮ್ಮ ರಾಜ್ಯದಲ್ಲಿ ವಯಸ್ಸಾದವರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಅದಕ್ಕೆ ಶೇ 25 ಸೇರಿಸಿದರೆ 1,500. ಆದರೆ ದೈಹಿಕ ವೈಕಲ್ಯ ಇರುವವರಿಗೆ ಸಿಗುವುದು ಶೇ 40ರಿಂದ ಮೇಲೆ 800, ಶೇ 75 ದಾಟಿದರೆ 1,400. ಎರಡೂ ಒಂದೇ ಬಗೆಯ ಯೋಜನೆ ಎಂದು ನಾನು ಒಪ್ಪುತ್ತೇನೆ, ಇಲಾಖೆ ಒಪ್ಪಲಿಕ್ಕಿಲ್ಲ. ಚರ್ಚೆ ಮಾಡುವುದಿದ್ದರೆ ಇದರ ಮೇಲೆ ಮಾಡಬೇಕು. ಕೇಂದ್ರದ ಪಾಲಂತೂ ಶೇ 80 ಮೇಲ್ಪಟ್ಟ ಬಿಪಿಎಲ್‌ನವರಿಗೆ ತಿಂಗಳಿಗೆ 300 ರೂಪಾಯಿ; 2012ರಿಂದ ಆ ಅಂಕಿ ಅಲುಗಾಡಿಲ್ಲ.

ರಾಜ್ಯದ 2024-25ರ ಬಜೆಟ್ಟಿನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಒಳ್ಳೆಯ ಹೆಜ್ಜೆ, ಅದನ್ನು ಹೇಳಲೇಬೇಕು. ಆದರೆ ಅದು ನಾಲ್ಕು ಕಾಯಿಲೆಗೆ ಮಾತ್ರ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಕಾಯ್ದೆ ಕಾಯಿಲೆಯ ಹೆಸರು ಕೇಳುವುದಿಲ್ಲ, ಆಸರೆ ಎಷ್ಟು ಬೇಕು ಎಂದು ಕೇಳುತ್ತದೆ. ಲಕ್ವಾ ಹೊಡೆದವರು, ಹುಣಸೆ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು, ಮರೆಗುಳಿ ಕಾಯಿಲೆಯವರು ಹೊರಗೆ ಉಳಿದರು. ಮರೆಗುಳಿ ಕಾಯಿಲೆಯ ಹೆಸರು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲೂ ಇಲ್ಲ. ಇನ್ನು ಮೊತ್ತ: 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳಿಡೀ ಆರೈಕೆಗೆ ಕೊಡುವ ಸಾವಿರ ರೂಪಾಯಿ ಮೂರು ದಿನದ ಆ ಕೂಲಿಗೂ ಸಮ ಆಗುವುದಿಲ್ಲ. ಡೈಪರ್ ಒಂದಕ್ಕೆ 30 ರೂಪಾಯಿ, ದಿನಕ್ಕೆ ನಾಲ್ಕೇ ಎಂದು ಕೈ ಬಿಗಿ ಹಿಡಿದರೂ ತಿಂಗಳಿಗೆ 3,600.

ಶೇಕಡಾವಾರು ಅಳತೆಯ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ವೈಕಲ್ಯ ಪ್ರಮಾಣಪತ್ರದ ಶೇಕಡಾ ಅಂಗದ ಅಥವಾ ಇಂದ್ರಿಯದ ನಷ್ಟವನ್ನು ಅಳೆಯುತ್ತದೆ. ಪೂರ್ತಿ ಕಣ್ಣು ಕಾಣದ ಒಬ್ಬರು ತಾವೇ ಸ್ನಾನ ಮಾಡಿ, ಬಸ್ ಹತ್ತಿ, ಕೆಲಸಕ್ಕೆ ಹೋಗಿ ಬರಬಹುದು. ಅವರ ಪತ್ರದಲ್ಲಿ ಶೇ 100. ಪಾರ್ಕಿನ್ಸನ್ ಇರುವ ಇನ್ನೊಬ್ಬರಿಗೆ ಶೇ 50 ಬಂದಿರಬಹುದು, ಅವರಿಗೆ ಗುಂಡಿ ಹಾಕಲೂ ಇನ್ನೊಬ್ಬರ ಕೈ ಬೇಕು. ಇಬ್ಬರಿಗೂ ಹಕ್ಕಿದೆ, ಆದರೆ ಬೇರೆ ಬೇರೆ ಬಗೆಯ ಹಕ್ಕು.

ಆ ಶೇಕಡಾ ನಿಗದಿ ಮಾಡುವ ಆಸ್ಪತ್ರೆಯ ತಪಾಸಣೆಯ ದಿನವೇ ಬಹಳ ಕೆಡುವುದು. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಅರ್ಜಿಯನ್ನು ಸ್ವಾವಲಂಬನ ಪೋರ್ಟಲ್‌ನಲ್ಲಿ ಹಾಕಿ, ಆಸ್ಪತ್ರೆ ಆರಿಸಿ, ಕರೆದ ದಿನ ರೋಗಿಯನ್ನು ಒಯ್ಯುತ್ತಾರೆ. ಒಯ್ಯುವ ಮುಂಚೆ ಮನೆಯವರು ಮೈ ತೊಳೆದು, ಹೊಸ ಧೋತರ ಉಡಿಸಿ, ಗಡ್ಡ ಬೋಳಿಸಿ ಕರೆತರುತ್ತಾರೆ. ಪಾರ್ಕಿನ್ಸನ್‌ನವರಿಗೆ ಗುಳಿಗೆ ಕೊಟ್ಟು ಒಂದು ತಾಸಿನ ಮೇಲೆ ಕೈಕಾಲು ತುಸು ಆಡುತ್ತವೆ, ಡಾಕ್ಟರಿಗೆ ಕಾಣುವುದು ಆ ಒಳ್ಳೆಯ ತಾಸು. "ಊಟ ತಾವೇ ಮಾಡ್ತಾರೇನು?" ಎಂದು ಕೇಳಿದರೆ ಮರ್ಯಾದೆಗೆ ಅಂಜಿ "ಮಾಡ್ತಾರ್ರೀ" ಎನ್ನುತ್ತಾರೆ. ತಟ್ಟೆಯಲ್ಲಿ ಕಲಸಿಟ್ಟು, ಚಮಚ ಕೈಗೆ ಕೊಟ್ಟು, ಬಿದ್ದದ್ದನ್ನು ಒರೆಸಿದ್ದು ಸೊಸೆ ಎಂಬುದನ್ನು ಯಾರೂ ಹೇಳುವುದಿಲ್ಲ. ಆ ಒಂದು ಮಾತಿನಲ್ಲಿ ಶೇಕಡಾ ಇಳಿಯುತ್ತದೆ.

ಅದಕ್ಕೇ ತಾಸಿನ ಲೆಕ್ಕ ಬೇಕು. ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಸರಿ, ಏಳು ದಿನ ಬರೆಯಿರಿ: ಎಷ್ಟು ಗಂಟೆಗೆ, ಏನು ಮಾಡಿದಿರಿ, ಎಷ್ಟು ನಿಮಿಷ, ಎಷ್ಟು ಜನ ಬೇಕಾಯಿತು. ಎತ್ತಲು ಇಬ್ಬರು ಬೇಕಾದರೆ ನಿಮಿಷವನ್ನು ಎರಡರಿಂದ ಗುಣಿಸಿ. ರಾತ್ರಿಯದ್ದನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ರಾತ್ರಿ ಎದ್ದದ್ದೇ ಎಲ್ಲರೂ ಮರೆಯುವ ಲೆಕ್ಕ. ಪಾರ್ಕಿನ್ಸನ್ ಇದ್ದರೆ ಗುಳಿಗೆಯ ವೇಳೆ ಪಕ್ಕದಲ್ಲೇ ಇರಲಿ. ಫಿಜಿಯೋಥೆರಪಿಸ್ಟ್ ಅಥವಾ ಡಾಕ್ಟರ್ ಬಳಿ ಬಾರ್ಥೆಲ್ ಅಂಕ ಬರೆಸಿ ಲಗತ್ತಿಸಿ. ಉಣ್ಣುವುದು, ಸ್ನಾನ, ಮುಖ ತೊಳೆಯುವುದು, ಬಟ್ಟೆ, ಮಲ, ಮೂತ್ರ, ಶೌಚಾಲಯ ಬಳಕೆ, ಹಾಸಿಗೆಯಿಂದ ಕುರ್ಚಿಗೆ, ನಡೆಯುವುದು, ಮೆಟ್ಟಿಲು, ಈ ಹತ್ತನ್ನು ನೋಡಿ 0ರಿಂದ 100ರವರೆಗೆ ಅಂಕ ಕೊಡುತ್ತಾರೆ. ಅಂಕ ಕಡಿಮೆ ಇದ್ದಷ್ಟೂ ಆಸರೆ ಹೆಚ್ಚು ಬೇಕು. ಇದೊಂದು ಹಾಳೆ ಇದ್ದರೆ "ಮಾಡ್ತಾರ್ರೀ" ಎಂಬ ಮಾತಿಗೆ ಅರ್ಜಿ ಬಲಿಯಾಗುವುದಿಲ್ಲ.

ಲಕ್ವಾದಂಥ, ಸುಧಾರಿಸಬಹುದಾದ ಸ್ಥಿತಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು, ಅದರಲ್ಲಿ ಮುಗಿಯುವ ತಾರೀಖು ಇರುತ್ತದೆ. ಅದನ್ನು ನೋಡದೆ ಬಿಟ್ಟವರ ಪಿಂಚಣಿ ಸದ್ದಿಲ್ಲದೆ ನಿಲ್ಲುತ್ತದೆ. ಮೂರು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ.

ಪಿಂಚಣಿಯ ಅರ್ಜಿ ನಾಡಕಚೇರಿಯಲ್ಲಿ. ಹುಬ್ಬಳ್ಳಿಯವರು ಒಂದು ಮಾತು ನೆನಪಿಡಿ: ಹುಬ್ಬಳ್ಳಿ ನಗರ ತಾಲೂಕು ಬೇರೆ, ಗ್ರಾಮೀಣ ತಾಲೂಕು ಬೇರೆ, ಮನೆ ಯಾವುದರಲ್ಲಿ ಬರುತ್ತದೆ ನೋಡಿ ಹೋಗಿ. ಅರ್ಜಿ ಕೊಟ್ಟ ಕೂಡಲೇ ಸಕಾಲದ ರಶೀದಿ ಕೇಳಿ, ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಆ ರಶೀದಿ ಇಲ್ಲದೆ ಕೊಟ್ಟ ಅರ್ಜಿಗೆ ವಾಯಿದೆಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. 370ರ ಕೂಲಿಯಲ್ಲಿ 87 ದಿನ ದುಡಿದರೆ 32,190 ಆಗುತ್ತದೆ, ಮಿತಿ ದಾಟಿತು. ಈ ಮಿತಿಯನ್ನು ಸತ್ಯವಾಗಿ ಪಾಲಿಸಿದರೆ ದುಡಿಯುವ ಒಬ್ಬರೂ ಇಲ್ಲದ ಮನೆಗೆ ಮಾತ್ರ ಪಿಂಚಣಿ. ಹಾಗಾಗಿ ಎಲ್ಲರೂ ಕಡಿಮೆ ಬರೆಸುತ್ತಾರೆ, ಆಮೇಲೆ ಅದನ್ನೇ ಹಿಡಿದು "ಸುಳ್ಳು ಫಲಾನುಭವಿಗಳು" ಎನ್ನುತ್ತಾರೆ. ಸುಳ್ಳು ಹುಟ್ಟಿಸಿದ್ದು ಆ ಮಿತಿಯೇ.

ಮಂಜೂರಾದ ಮೇಲೂ ದುಡ್ಡು ಬರಲಿಲ್ಲ ಎನ್ನುವವರಲ್ಲಿ ಬಹಳ ಮಂದಿಯ ದುಡ್ಡು ಬಂದೇ ಇರುತ್ತದೆ, ಬೇರೆ ಖಾತೆಗೆ. ಪಿಂಚಣಿ ಹೋಗುವುದು ಆಧಾರ್‌ಗೆ ಕೊನೆಯದಾಗಿ ಮ್ಯಾಪ್ ಆದ, ಅಂದರೆ ಜೋಡಿಸಿದ ಬ್ಯಾಂಕಿಗೆ. ಗ್ಯಾಸ್ ಸಬ್ಸಿಡಿಗೋ ಬೆಳೆ ಸಾಲಕ್ಕೋ ತೆರೆದು ಮರೆತ ಖಾತೆಯಲ್ಲಿ ವರ್ಷದ ದುಡ್ಡು ಕೂತಿರಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಅಥವಾ ಬ್ಯಾಂಕಿನಲ್ಲಿ ಮ್ಯಾಪಿಂಗ್ ನೋಡಿಸಿ. ಸಹಿ ಮಾಡಲಾಗದವರ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಬೆರಳಿನ ಗುರುತು ತೆಗೆದುಕೊಳ್ಳಬಹುದೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಇಬ್ಬರು ಸಾಕ್ಷಿ ಬೇಕು, ಒಬ್ಬರು ಬ್ಯಾಂಕಿನವರಾಗಿರಬೇಕು. "ರೋಗಿಯನ್ನೇ ಕರಕೊಂಡು ಬರ್ರಿ" ಎಂದು ಕೌಂಟರಿನಲ್ಲಿ ಹೇಳಿದರೆ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಡಿ.

"ಹಡೆದವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಅದಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು" ಎಂಬ ವಾದಕ್ಕೆ ಗೌರವ ಕೊಟ್ಟೇ ಉತ್ತರಿಸಬೇಕು. ಆ ಧರ್ಮವನ್ನು ಪಾಲಿಸುತ್ತಿರುವವರೇ ಈ ಭತ್ಯೆ ಕೇಳುತ್ತಿರುವವರು. ಬಿಟ್ಟು ಹೋದ ಮಗ ಅರ್ಜಿ ಹಾಕುವುದಿಲ್ಲ. ಧರ್ಮ ಪಾಲಿಸಲು ಕೂಲಿ ಬಿಟ್ಟ ಸೊಸೆಯ ಕೂಲಿ ಎಲ್ಲಿಂದ ಬರಬೇಕು ಎಂಬುದಷ್ಟೇ ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ 2002ರ ಜುಲೈನಿಂದ 65 ದಾಟಿದವರಿಗೆ, 2019ರ ಏಪ್ರಿಲ್‌ನಿಂದ ಅದಕ್ಕಿಂತ ಚಿಕ್ಕವರಿಗೂ ಮೈ ಆರೈಕೆ ಉಚಿತ. ಅಲ್ಲಿ ಆದಾಯ ಕೇಳುವುದಿಲ್ಲ, ಅಗತ್ಯ ಅಳೆಯುತ್ತಾರೆ. ಸ್ನಾನ, ಶೌಚ, ಉಣಿಸುವುದು ಸೇರುತ್ತದೆ, ಸಂತೆ ಸಾಮಾನು ತರುವುದು, ಕಸ ಗುಡಿಸುವುದು ಸೇರುವುದಿಲ್ಲ. ಅಷ್ಟು ದುಡ್ಡು ನಮ್ಮಲ್ಲಿಲ್ಲ ಎನ್ನುವುದು ನಿಜ. ಆದರೆ ಗೆರೆ ಎಲ್ಲಿ ಎಳೆಯಬೇಕು ಎಂಬ ವಿವೇಕಕ್ಕೆ ದುಡ್ಡು ಬೇಕಿಲ್ಲ. ಪಕ್ಕದ ಕೇರಳ ಹಾಸಿಗೆ ಹಿಡಿದವರ ಆರೈಕೆದಾರರಿಗೆಂದೇ ಆಶ್ವಾಸಕಿರಣಂ ನಡೆಸುತ್ತಿದೆ. ಅಲ್ಲೂ ತಿಂಗಳಿಗೆ 600 ರೂಪಾಯಿಯಷ್ಟೇ, ಆದರೆ ಅಳತೆ ಸರಿಯಾಗಿದೆ.

ಇನ್ನು ಉಳಿದದ್ದು 2016ರ ಅದೇ ಕಾಯ್ದೆಯ 38ನೇ ಕಲಮು. ಹೆಚ್ಚಿನ ಆಸರೆ ಬೇಕು ಎನ್ನುವ ಬೆಂಚ್‌ಮಾರ್ಕ್ ವೈಕಲ್ಯದವರು (ಶೇ 40 ಮತ್ತು ಮೇಲ್ಪಟ್ಟವರು) ತಾವಾಗಲಿ, ಅವರ ಪರವಾಗಿ ಬೇರೆಯವರಾಗಲಿ ಅರ್ಜಿ ಕೊಡಬಹುದು, ಅದನ್ನು ಮೌಲ್ಯಮಾಪನ ಮಂಡಳಿಗೆ ಕಳಿಸಬೇಕು ಎನ್ನುತ್ತದೆ ಅದು. ಅರ್ಜಿಯನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಲಗತ್ತು ನಾಲ್ಕೇ: ಯುಡಿಐಡಿ ಪ್ರತಿ, ಏಳು ದಿನದ ಲೆಕ್ಕ, ಬಾರ್ಥೆಲ್ ಹಾಳೆ, ತಿಂಗಳ ಖರ್ಚಿನ ಬಿಲ್ಲುಗಳು. ಕಚೇರಿಯಲ್ಲಿ "ಇದಕ್ಕ ಯೋಜನೆ ಇಲ್ರೀ" ಎಂದರೆ ಅದನ್ನೇ ಹಿಂಬರಹವಾಗಿ ಬರೆದುಕೊಡಲು ಕೇಳಿ. ವಿಕಲಚೇತನರ ರಾಜ್ಯ ಆಯುಕ್ತರ ಮುಂದೆ ದೂರು ಒಯ್ಯಲು ಬೇಕಾಗುವುದು ಆ ಹಿಂಬರಹ.

ಹಳ್ಳಿಯವರಾದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೈಗೂ ಒಂದು ಪ್ರತಿ ಕೊಡಿ. ಅವರೂ ವಿಕಲಚೇತನರೇ ಆಗಿರುತ್ತಾರೆ, ಲೆಕ್ಕ ಬೇಗ ಅರ್ಥವಾಗುತ್ತದೆ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಗಾಳಿ ಹಾಸಿಗೆ, ಕಮೋಡ್ ಕುರ್ಚಿಯನ್ನು ಅದರಿಂದ ಕೇಳಬಹುದು. ವಿಕಲಚೇತನರ ಸಮನ್ವಯ ಗ್ರಾಮಸಭೆಯ ದಿನ ಆ ಏಳು ದಿನದ ಹಾಳೆಯನ್ನು ಸೊಸೆಯೇ ಎದ್ದು ನಿಂತು ಓದಲಿ, ನಡಾವಳಿ ಪುಸ್ತಕದಲ್ಲಿ ತಾಸುಗಳ ಸಮೇತ ಬರೆಸಲಿ.